ನಿಲ್ಲಿ ಎನ್ನುವವರೆಗೂ ನಡೆದ ಮೇಡಂ

ನಮ್ಮ ಗಣಿತದ ಮೇಡಂಗೆ ಒಂದು ವಾಕ್ಯವನ್ನು ಪೂರ್ಣವಿರಾಮದವರೆಗೆ ಕೊಂಡೊಯ್ಯುವ ವ್ಯವಧಾನ ಎಂದೂ ಇದ್ದದ್ದಿಲ್ಲ. ಮಾತು ಸ್ಟಾಫ್ ರೂಮಿನಲ್ಲಿ ಅರ್ಧಕ್ಕೆ ನಿಂತಿರುವಾಗಲೇ ಅವರು ಕಾರಿಡಾರಿನ ಆ ತುದಿ ಮುಟ್ಟಿರುತ್ತಿದ್ದರು. ಸೀಮೆಸುಣ್ಣದ ತುಂಡುಗಳ ಭಾರಕ್ಕೆ ಜೇಬು ಜೋತುಬಿದ್ದ ಕಂದು ಸ್ವೆಟರು, ಯಾರು ಏನೇ ಹೇಳಿದರೂ "ಆಮೇಲೆ? ಆಮೇಲೆ?" ಎಂಬ ಅವಸರ. ಐವತ್ತೆರಡರ ಪ್ರೌಢ ವಯಸ್ಸಿನಲ್ಲಿ ಈ ಮಹಾತಾಯಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು.

ನಮ್ಮ ಪ್ರೌಢಶಾಲೆಯಲ್ಲಿ ಅದನ್ನು ಐಚ್ಛಿಕ ವಿಷಯವಾಗಿ ಇಡಲೇಬೇಕೆಂದು ಹೆಡ್‌ಮಾಸ್ಟರ ಬೆನ್ನುಬಿದ್ದು ಒಪ್ಪಿಸಿದರು. ಷರತ್ತು ಒಂದೇ: ಶುಕ್ರವಾರದ ಕೊನೆಯ ಗಂಟೆಯೊಳಗೆ ಇಪ್ಪತ್ತು ಮಕ್ಕಳು ಹೆಸರು ಕೊಡಬೇಕು, ಇಲ್ಲವಾದರೆ ಎಂಟು ಯಂತ್ರಗಳಿದ್ದ ಆ ಕೋಣೆ ಮುರಿದ ಬೆಂಚುಗಳ ಪಾಲು. ಶುಕ್ರವಾರ ಮಧ್ಯಾಹ್ನವಾದರೂ ಪಟ್ಟಿಯಲ್ಲಿದ್ದದ್ದು ಹನ್ನೊಂದೇ ಹೆಸರು. ಕಂಪ್ಯೂಟರು ಜಾಣರಿಗಷ್ಟೇ ಎಂದು ಹೆದರಿ ಉಳಿದವರೆಲ್ಲ ಚಿತ್ರಕಲೆಯತ್ತ ವಾಲಿದ್ದರು.

ಮೇಡಂ ಒಂಬತ್ತನೆಯ ತರಗತಿಗೆ ನುಗ್ಗಿದರು. "ಈಗ ನಾನೇ ಕಂಪ್ಯೂಟರು. ಸ್ವಂತ ಬುದ್ಧಿ ಒಂಚೂರೂ ಇಲ್ಲ. ನೀವು ಹೇಳಿದಷ್ಟೇ ಮಾಡ್ತೀನಿ. ಹೇಳಿ ನೋಡೋಣ!"

ಹಿಂದಿನ ಬೆಂಚಿನ ತುಂಟಿಯೊಬ್ಬಳು, "ಬಾಗಿಲ ಕಡೆ ತಿರುಗಿ, ನೇರ ನಡೀರಿ ಮೇಡಂ" ಎಂದಳು. ಮೇಡಂ ನಡೆದರು. ಬಾಗಿಲು ದಾಟಿ, ಕಾರಿಡಾರು ದಾಟಿ, ಎದುರಿನ ಹೆಡ್‌ಮಾಸ್ಟರ ಕೋಣೆಯನ್ನೇ ಹೊಕ್ಕು, ಅವರ ಮೇಜಿಗೆ ತಾಗಿದ ಮೇಲೂ ನಿಂತಲ್ಲೇ ಗಂಭೀರವಾಗಿ ಹೆಜ್ಜೆ ಹಾಕುತ್ತಲೇ ಇದ್ದರು. ಹಿಂದೆ ಇಡೀ ತರಗತಿ ಹೋ ಎಂದು ಓಡಿಬಂದಿತ್ತು. ಗಲಾಟೆ ಕೇಳಿ, ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿದ್ದ ನಾನೂ ಓಡಿದ್ದೆ.

"ಏನ್ರೀ ಇದು? ನಿಲ್ಲಿ ಮೊದ್ಲು!" ಹೆಡ್‌ಮಾಸ್ಟರು ಗದರಿದರು.

ಮೇಡಂ ತಟ್ಟನೆ ನಿಂತು ಮಕ್ಕಳತ್ತ ತಿರುಗಿದರು. "ನೋಡಿದ್ರಾ? ನೀವ್ಯಾರೂ ಹೇಳದೆ ಬಿಟ್ಟಿದ್ದನ್ನ ಸಾರ್ ಹೇಳಿದ್ರು!"

"ಅಡ್ಡ ಏನಾದ್ರೂ ಬಂದ್ರೆ ಬಲಕ್ಕೆ ತಿರುಗಿ ಅಂತ ಮೊದ್ಲೇ ಹೇಳಿಡಬಹುದಾ ಮೇಡಂ?" ಅದೇ ತುಂಟಿ ಕೇಳಿದಳು.

"ಇದೇ ಕಣೇ ಪಾಠ! ಕಂಪ್ಯೂಟರ್ ಅಂದ್ರೆ ಇಷ್ಟೇ ಕಣೇ!" ಎನ್ನುವಾಗ ಮೇಡಂ ಕಣ್ಣು ತುಂಬಿಬಂದಿತ್ತು. ಹೆಡ್‌ಮಾಸ್ಟರು ಮುಖ ತಿರುಗಿಸಿಕೊಂಡು ನಕ್ಕರು. ಹೆಸರು ಬರೆಯಲು ಮಕ್ಕಳು ಪೆನ್ನಿಗಾಗಿ ಕಿತ್ತಾಡಿದರು. ಕೊನೆಯ ಗಂಟೆ ಹೊಡೆದಾಗ ಪಟ್ಟಿಯಲ್ಲಿ ಇಪ್ಪತ್ತಾರು ಹೆಸರು! ನಾನಂತೂ ಮಕ್ಕಳಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಆ ಗದ್ದಲದಲ್ಲೇ ಅವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ನನಗೆ ಬರೋದು ನಾಲ್ಕೇ ಪಾಠ ಕಣ್ರೀ. ಐದನೇದು ಈ ಭಾನುವಾರ ಕಲೀಬೇಕು."

ಎಲ್ಲವನ್ನೂ ಬಲ್ಲ ಗುರುಗಳ ಮುಂದೆ ನಾವು ಕೈಕಟ್ಟಿ ಕೂತು ಕಲಿಯುತ್ತೇವೆ. ನಾಲ್ಕೇ ನಾಲ್ಕು ಪಾಠದಷ್ಟು ಮುಂದಿರುವ ಇಂಥವರ ಹಿಂದೆಯಾದರೋ ಓಡೋಡುತ್ತ ಕಲಿಯುತ್ತೇವೆ, ಇನ್ನೇನು ಹಿಡಿದೇಬಿಡುತ್ತೇವೆಂಬ ಆಸೆಯಲ್ಲಿ.