ಎಲೆನ್ ಪಿಮ್‌ಳ ದೂರು

ಎಡ ಮೊಣಕೈಯ ಕೆಳಗೆ ಸುಟ್ಟ ಕಲೆ. ಹೊಂದಿತು. ಬಲಗೈ ಕಿರುಬೆರಳಿಗೆ ತುದಿಯಿಲ್ಲ. ಹೊಂದಿತು. ಎತ್ತರ ಐದಡಿ ಆರೂವರೆ ಇಂಚು. ಯುದ್ಧಕ್ಕೆ ಹೋಗುವಾಗಲೂ ಅಷ್ಟೆ, ಬಂದ ಮೇಲೂ ಅಷ್ಟೆ. ಗುರುರಾಜ ಪರದೆಯ ಮೇಲಿನ ಎರಡು ಹಾಳೆಗಳನ್ನು ಪಕ್ಕಪಕ್ಕಕ್ಕೆ ಎಳೆದುಕೊಂಡ. ಕೆಳಗೆ ಹೆಂಡತಿ ಜ್ಯೋತ್ಸ್ನಾ ಪ್ಯಾಕಿಂಗ್ ಟೇಪನ್ನು ಸರ್ರನೆ ಎಳೆಯುವ ಸದ್ದು ಕೇಳಿಸಿತು.

ಅಮೆರಿಕದ ಡರ್ಹಮ್‌ನ ಈ ಮನೆಯ ಮಹಡಿ ಕೋಣೆಯಲ್ಲಿ ಕೂತು ಅವನು ಮೂರು ವರ್ಷದಿಂದ ಮಾಡುತ್ತಿದ್ದದ್ದು ಇದೇ ಕೆಲಸ. ನೂರಿಪ್ಪತ್ತು ವರ್ಷಗಳ ಹಿಂದೆ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು, ರೋಗಿಗಳ ಜ್ವರವನ್ನು ತಮಗೂ ಅಂಟಿಸಿಕೊಂಡ, ಖಾಕಿ ಸಮವಸ್ತ್ರದ ಬ್ರಿಟಿಷ್ ಸೈನಿಕರ ಸೇವಾ ದಾಖಲೆಗಳು. ಆ ಜ್ವರದ ಬಗ್ಗೆ ಯಾವುದೋ ಸಂಶೋಧನೆ. ಎರಡು ದಾಖಲೆಗಳು ಒಬ್ಬನವೋ ಇಬ್ಬರವೋ ಎಂದು ತೀರ್ಮಾನಿಸುವುದು ಸಂಖ್ಯಾಶಾಸ್ತ್ರಜ್ಞನಾದ ಇವನ ಪಾಲಿಗೆ ಬಂದಿತ್ತು. ಸೊನ್ನೆಯಿಂದ ಒಂದರೊಳಗೆ ಒಂದು ಅಂಕ ಕೊಟ್ಟರಾಯಿತು; ಪೂರ್ತಿ ಒಂದೆಂದರೆ ಖಂಡಿತ ಒಬ್ಬನೇ.

ಆಲ್ಬರ್ಟ್ ಪಿಮ್ ಎಂಬವನ ಕಡತದಲ್ಲಿ ಮಾತ್ರ ಒಂದು ಹೆಚ್ಚಿನ ಕಾಗದವಿತ್ತು. ಅವನ ಹೆಂಡತಿ ಎಲೆನ್ 1902ರಲ್ಲಿ ಸೇನಾ ಕಚೇರಿಗೆ ಬರೆದದ್ದು. ತನ್ನ ಮನೆಗೆ ಬಂದಿರುವವನು ತನ್ನ ಗಂಡನಲ್ಲ. ಕೆಟಲ್ ಎಲ್ಲಿಡುತ್ತೇನೆಂದು ಅವನಿಗೆ ಗೊತ್ತು, ತನ್ನ ತಾಯಿಯ ಹೆಸರೂ ಗೊತ್ತು. ಆದರೆ ತಾನು ಕಳಿಸಿಕೊಟ್ಟವನು ಗಡ್ಡ ಹೆರೆಯುವಾಗ ಹಾಡುತ್ತಿದ್ದ. ಇವನು ಕಂಬಳಿ ಮಡಿಸಿಟ್ಟು ಗೋಡೆಗೆ ಮುಖ ಮಾಡಿ ಕೂರುತ್ತಾನೆ. ದಯವಿಟ್ಟು ವಿಚಾರಿಸಿ ತನ್ನವನನ್ನು ಕಳಿಸಿಕೊಡಬೇಕು.

ಕಚೇರಿ ಒಬ್ಬ ಡಾಕ್ಟರನ್ನು ಕಳಿಸಿತು. ಆತ ಪಿಮ್‌ನ ಅಂಗಿ ಬಿಚ್ಚಿಸಿ, ಕಲೆಗಳನ್ನು ಹಳೆಯ ಹಾಳೆಯೊಂದಿಗೆ ತಾಳೆ ನೋಡಿ, ಗುರುತು ಖಚಿತವಾಗಿದೆ ಎಂದು ಸಹಿ ಹಾಕಿದ.

ಫೆಬ್ರವರಿಯಲ್ಲಿ ಗುರುರಾಜ ಇದನ್ನು ತಮಾಷೆಯೆಂದು ಜ್ಯೋತ್ಸ್ನಾಳಿಗೆ ತೋರಿಸಿದ್ದ. ಅವಳು ನಿಂತೇ ಓದಿದಳು. ನಗಲಿಲ್ಲ. ಮರುವಾರ ನಾಲ್ಕೈದು ಗಂಟೆ ದಾರಿಯ ರೆಸ್ಟನ್‌ನಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕಿದಳು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ ಎಂಬುದು ಅವನ ವಿದ್ಯೆಯ ಮೊದಲ ಪಾಠ.

ಕೆಲಸ ಸಿಕ್ಕಿತು. ಅಪಾರ್ಟ್‌ಮೆಂಟೂ ಸಿಕ್ಕಿತು. ವಾರಕ್ಕೊಮ್ಮೆ ಬಂದುಹೋಗುವುದು ಎಂದು ಇಬ್ಬರೂ ಸ್ನೇಹಿತರಿಗೆಲ್ಲ ಹೇಳಿದರು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಫೋನು ಮಿಡಿಯಿತು. ಅಟ್ಲಾಂಟಾದಿಂದ ಮಗಳು ನಿಧಿ.

“ಅಪ್ಪಾ, ಕೇಳಿದ್ಯಾ?”

“ಏನನ್ನ?”

“ಕಮಾನ್. ಅಮ್ಮ ವಾಪಸ್ ಬರ್ತಾಳಾ ಅಂತ. ಶಿ ಈಸ್ ವೇಟಿಂಗ್ ಫಾರ್ ಯು ಟು ಆಸ್ಕ್. ನೀನು ಕೇಳ್ದೇ ಇದ್ರೆ ಅವ್ಳು ಬರಲ್ಲ.”

“ಕೆಳಗೆ ಕರೀತಿದಾಳೆ. ಆಮೇಲೆ ಮಾಡ್ತೀನಿ.”

ಯಾರೂ ಕರೆದಿರಲಿಲ್ಲ. ಒಂದು ನಿಮಿಷ ಬಿಟ್ಟು ಜ್ಯೋತ್ಸ್ನಾ ನಿಜವಾಗಿಯೂ ಕರೆದಳು, ಮಹಡಿಯ ಮೇಲಿದ್ದ ತನ್ನ ಸಣ್ಣ ಮೇಜಿಗೆ ಕೈಕೊಡಲು.

ಅವಳು ಮುಂದೆ, ಅವನು ಹಿಂದೆ. ಸ್ಟ್ರೆಚರ್ ಹೊರುವವರಿಗೆ ಆಗ ಕಲಿಸುತ್ತಿದ್ದ ಪಾಠ ನೆನಪಾಯಿತು: ಮುಂದಿನವನು ಎಡಗಾಲಿಟ್ಟರೆ ಹಿಂದಿನವನು ಬಲಗಾಲಿಡಬೇಕು. ಹೆಜ್ಜೆ ಕೂಡಿದರೆ ಹೊರೆ ತೂಗಾಡಿ ಮಲಗಿದವನಿಗೆ ನೋವಾಗುತ್ತದೆ. ಅವನು ಬಗ್ಗಿ ನೋಡಿದ. ಯಾರೂ ಹೇಳಿಕೊಡದೆ ಇಬ್ಬರ ಹೆಜ್ಜೆಗಳು ತಪ್ಪದೆ ತಪ್ಪುತ್ತಿದ್ದವು. ಇಪ್ಪತ್ತಾರು ವರ್ಷಗಳ ಅಭ್ಯಾಸ. ಮೇಜು ನೀರಿನ ಮೇಲಿದ್ದಂತೆ ತೇಲಿತು. ಕಿಟಕಿಯ ಬೆಳಕಿನಲ್ಲಿ ಮೆಟ್ಟಿಲುಗಳು ಮುಗಿಯದೆ ಇಳಿಯುತ್ತಲೇ ಇದ್ದವು. ಕೆಳಗೆ, ಹಾಲ್ ಇರಬೇಕಾದ ಕಡೆ, ಯುದ್ಧಭೂಮಿಯ ಆಸ್ಪತ್ರೆಯ ಬಿಳಿಯ ಡೇರೆಗಳ ಸಾಲು ಕಂಡಂತಾಯಿತು. ಮೇಜಿನ ಮೇಲೆ ಯಾರೋ ಮುಸುಕು ಹೊದ್ದು ಮಲಗಿದಂತಿತ್ತು. ಮುಸುಕು ಸರಿಸಿ ನೋಡಬಾರದು ಎನ್ನಿಸಿತು.

“ಗೋಡೆ. ಕೈ ಜೋಪಾನ,” ಎಂದಳು ಜ್ಯೋತ್ಸ್ನಾ.

ಮೇಜನ್ನು ವ್ಯಾನಿನೊಳಗೆ ತಳ್ಳಿದರು. ಅವಳು ಬಾಗಿಲು ಹಾಕಿ, ಕೀ ಹಿಡಿದು, ಹತ್ತದೆ ನಿಂತಳು. ಟೈರಿಗೆ ಗಾಳಿ ನೋಡಿಸಿದೆಯಾ ಎಂದು ಅವನು ಕೇಳಿದ. ನೋಡಿಸಿದ್ದಳು. ರಿಚ್ಮಂಡ್ ಹತ್ತಿರ ಟ್ರಾಫಿಕ್ ಇರುತ್ತದೆ ಎಂದ. ಅದೂ ಅವಳಿಗೆ ಗೊತ್ತಿತ್ತು.

“ರೀ, ಆ ಹೆಂಗಸಿನ ಕೇಸ್ ಏನ್ಮಾಡಿದ್ರಿ?”

“ಯಾವ್ದು? ಓ, ಪಿಮ್. ಒಬ್ಬನೇ ಅಂತ ಹಾಕ್ದೆ. ಪಾಯಿಂಟ್ ನೈನ್ ಎಯ್ಟ್.”

“ಪೂರ್ತಿ ಒಂದು ಕೊಡ್ಲಿಲ್ವಾ?”

“ಯಾರಿಗೂ ಕೊಡಲ್ಲ.”

ಅವಳು ಸಣ್ಣಗೆ ನಕ್ಕಳು. “ಇನ್ನೆರಡು ಪರ್ಸೆಂಟ್ ಅವಳದು. ಇರ್ಲಿ ಬಿಡಿ, ಪಾಪ.”

ಅವನೂ ನಕ್ಕ. ನಗು ತನ್ನ ಮುಖದ ಮೇಲೆ ಯಾರೋ ಇಟ್ಟುಹೋದ ವಸ್ತುವಿನಂತಿತ್ತು. ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

“ಬೇರೆ ಏನಾದ್ರೂ ಕೇಳ್ಬೇಕಿತ್ತಾ?” ಎಂದಳು, ಅವನನ್ನೇ ನೋಡುತ್ತ.

ಪ್ರಶ್ನೆ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಎರಡೇ ಮಾತಿನದು. ಅದನ್ನು ಆಡಬಲ್ಲವನೊಬ್ಬ ಹಿಂದೆ ಈ ಮೈಯಲ್ಲಿ ಇದ್ದ. ಈಗ ಅವನನ್ನು ಎಲ್ಲಿಂದ ಕರೆಸುವುದು?

“ಮನೆ ಕೀ ತಗೊಂಡ್ಯಾ?” ಎಂದು ಕೇಳಿದ.

ಅವಳು ವ್ಯಾನು ಹತ್ತಿ ಕೂತಳು. “ಕಿಚನ್ ಕೌಂಟರ್ ಮೇಲಿಟ್ಟಿದೀನಿ.”

ಗ್ಯಾರೇಜಿನ ಬಾಗಿಲು ತೆರೆಯುವ ಕೋಡ್ ಅವಳಿಗೆ ಗೊತ್ತಿದೆ. ಕೀ ಬಿಟ್ಟುಹೋದದ್ದರಿಂದ ಏನೂ ಸಿದ್ಧವಾಗುವುದಿಲ್ಲ, ಎಂದು ಅವನು ಲೆಕ್ಕ ಹಾಕುತ್ತಿರುವಾಗ ವ್ಯಾನು ಹಿಂದಕ್ಕೆ ಸರಿಯಿತು. ತಿರುವಿನಲ್ಲಿ ಅದರ ಬ್ರೇಕ್ ದೀಪಗಳು ಹೊತ್ತಿಕೊಂಡು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಉರಿದವು. ಆಮೇಲೆ ಬೀದಿ ಖಾಲಿಯಾಯಿತು.

ಏಪ್ರಿಲ್‌ನ ಪೈನ್ ಪರಾಗ ಊರಿನ ಮೇಲೆಲ್ಲ ಹಳದಿಯಾಗಿ ಕೂತಿತ್ತು. ಚಾವಣಿ, ಹುಲ್ಲು, ಅಂಚೆಪೆಟ್ಟಿಗೆ ಎಲ್ಲವೂ ಒಂದೇ ಬಣ್ಣ. ವಾರದಿಂದ ವ್ಯಾನು ನಿಂತಿದ್ದ ಜಾಗದಲ್ಲಿ ಮಾತ್ರ ತೊಳೆದಂತೆ ಸ್ವಚ್ಛವಾದ ಒಂದು ಕಪ್ಪು ಆಯತ. ಅವನು ಹೋಗಿ ಅದರ ನಡುವೆ ನಿಂತ.

ಗಾಳಿ ಬೀಸಿತು. ಮರಗಳಿಂದ ಹೊಗೆಯ ಹಾಗೆ ಪುಡಿ ಎದ್ದು, ಸದ್ದಿಲ್ಲದೆ ಇಳಿಯಿತು. ಆಯತದ ಅಂಚುಗಳು ಒಳಮುಖವಾಗಿ ಮಸುಕಾಗತೊಡಗಿದವು. ಕೊಡವಿಕೊಳ್ಳಬೇಕೆಂದು ಅವನಿಗೆ ಅನ್ನಿಸಲಿಲ್ಲ. ಬಿಳಿ ಅಂಗಿಯ ಹೆಗಲು ಮೊದಲು, ಆಮೇಲೆ ತೋಳು, ಎದೆ, ನಿಧಾನವಾಗಿ ಖಾಕಿಯಾಗುತ್ತ ಬಂದವು.