ತಾಜುದ್ದೀನನ ನಿಧಾನ

೧೯೭೯ರಲ್ಲಿ ಗಂಗಾನಗರದ ತಾಜುದ್ದೀನ್ ಮತ್ತು ನಾನು ಕಾಲೇಜಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದೆವು. ನನಗೆ ಇಂಗ್ಲಿಷ್ ರಾಕ್ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್‌ನ ವೇಗವೆಂದರೆ ಪ್ರಾಣ. ಅವನಿಗೆ ಇನ್ನೊಬ್ಬ ರಾಕ್ ವಾದಕ ಡೇವಿಡ್ ಗಿಲ್ಮೋರ್ ಒಂದೇ ತಂತಿಯನ್ನು ಮೆಲ್ಲಗೆ ಎಳೆದು ಸ್ವರವನ್ನು ನರಳಿಸುವ ರೀತಿ ಇಷ್ಟ. ಅವನೂ ಆತುರವಿಲ್ಲದೆ ನುಡಿಸುತ್ತಿದ್ದ.

ಅಂತರಕಾಲೇಜು ಬ್ಯಾಂಡ್ ಸ್ಪರ್ಧೆಯ ದಿನ ನಾನು, "ಮಗಾ, ಹಿಂಗೆ ನಿಧಾನ ಮಾಡಿದ್ರೆ ಜನ ಎದ್ದೋಗ್ತಾರೆ. ಸ್ಪೀಡಾಗಿ ಹೊಡಿ," ಎಂದೆ.

"ನನ್ ಕೈಗೆ ಅದು ಒಗ್ಗಲ್ಲ ಕಣೋ."

ನಾನು ಬಿಡಲಿಲ್ಲ. ವೇದಿಕೆಯಲ್ಲಿ ವೇಗವಾಗಿ ನುಡಿಸಹೋದ ಅವನ ಬೆರಳುಗಳು ತಡವರಿಸಿದವು, ಜನ ನಕ್ಕರು. ಅರ್ಧಕ್ಕೇ ಇಳಿದುಬಂದವನು ಅಪ್ಪನ ಮರದ ಡಿಪೋ ಸೇರಿದ, ಗಿಟಾರ್ ಮತ್ತೆ ಮುಟ್ಟಲಿಲ್ಲ.

ಎಂಟು ವರ್ಷಗಳ ಬಳಿಕ ನಮ್ಮ ಅಭ್ಯಾಸದ ಹಳೆಯ ಕ್ಯಾಸೆಟ್ ಸಿಕ್ಕಿತು. ಅದರಲ್ಲಿ ನನ್ನದು ಬರೀ ಬ್ಲ್ಯಾಕ್‌ಮೋರ್‌ನ ನಕಲು. ಅವನ ನಾಲ್ಕು ಸ್ವರ ಕೇಳಿದರೆ ಸಾಕು, ತಾಜುದ್ದೀನನೇ ಎಂದು ಗೊತ್ತಾಗುತ್ತಿತ್ತು.

ಡಿಪೋಗೆ ಹೋಗಿ ಅದನ್ನೇ ಹೇಳಿದೆ.

"ಅವತ್ತೇ ಹೇಳ್ಬೇಕಿತ್ತು ಗುರು," ಎಂದು ಅವನು ಹಲಗೆ ಅಳೆಯತೊಡಗಿದ.