ಹೆಗಲ ಮೇಲಿನ ಕೈ

ತೀರಿಕೊಂಡವರ ಫೋಟೊ ದೊಡ್ಡದು ಮಾಡಿ ಚೌಕಟ್ಟು ಹಾಕಿಕೊಡುವುದೂ ನಮ್ಮ ಸ್ಟುಡಿಯೊದ ಕೆಲಸ. ವಯಸ್ಸಾದವರದು ಸುಲಭ, ನೆಟ್ಟಗೆ ಕೂತು ತೆಗೆಸಿಕೊಂಡಿರುತ್ತಾರೆ. ಹುಡುಗರ ಹತ್ತಿರ ಒಬ್ಬರೇ ಇರುವ ಫೋಟೊ ಇರುವುದೇ ಇಲ್ಲ. ಹೆಗಲ ಮೇಲೆ ಯಾರದೋ ಕೈ. ಅದನ್ನು ಬೆರಳು ಬೆರಳಾಗಿ ಅಳಿಸುತ್ತೇನೆ. ಬೈಕನ್ನು ಒಂದೇ ಚಕ್ರದ ಮೇಲೆ ಓಡಿಸಿದವನು, ಪಂಥ ಕಟ್ಟಿ ಕುಡಿದವನು, ಈಗ ಕೈಗೆ ಬಂದಿರುವ ಫೋಟೊದ ಹುಡುಗ ಈ ವರ್ಷ ಮೂರನೆಯವನು. ಎಲ್ಲರೂ ನಗುತ್ತಿರುತ್ತಾರೆ. ನನಗೆ ಮೈ ಉರಿಯುತ್ತದೆ.

ಮಧ್ಯಾಹ್ನ ಕಿಟಕಿಯ ಪರದೆ ಎಳೆದರೆ ಕೋಣೆ ನೀರಿನ ತಳದ ಹಾಗಿರುತ್ತದೆ. ಕಂಪ್ಯೂಟರಿನ ನೀಲಿ ಬೆಳಕಿನಲ್ಲಿ ಆ ಹುಡುಗನ ಮುಖ ಮೆಲ್ಲಗೆ ತೇಲಿ ಬಂತು. ಗೆಳೆಯರು ಅವನನ್ನು ಬಡಾಯಿ ಅನ್ನುತ್ತಿದ್ದರಂತೆ. ಕಳೆದ ಭಾನುವಾರ ಕಲ್ಲುಕ್ವಾರಿಯ ನೀರಿನ ಹೊಂಡಕ್ಕೆ ಮೇಲಿನಿಂದ ಹಾರಿದವನು ಏಳಲೇ ಇಲ್ಲ. ಹಾರುವ ಮುಂಚಿನ ಫೋಟೊ ಅದು. ಬೀಗ ರಿಪೇರಿ ಮಾಡುವ ಅವನ ಅಪ್ಪ ತಂದುಕೊಟ್ಟಿದ್ದರು.

ಹೆಗಲ ಮೇಲಿನ ಕೈಯನ್ನು ಹಿಗ್ಗಿಸಿದೆ. ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಆ ಭಾನುವಾರದ ಹಿಂದಿನ ದಿನವಷ್ಟೇ ನಮ್ಮ ಅಂಗಡಿಯ ಷಟರಿಗೆ ಸಿಕ್ಕಿ ಕಪ್ಪಾದ ಉಗುರು. ಆ ಭಾನುವಾರ ಸಿನಿಮಾಕ್ಕೆ ಹೋಗಿದ್ದೆ ಎಂದಿದ್ದ ನನ್ನ ತಮ್ಮನದು. ನಾನೂ ಮುಳುಗುತ್ತಿದ್ದೇನೆ ಅನ್ನಿಸಿತು.

ಕರೆಸಿ ಕೇಳಿದೆ. ಮೊದಲು ಕಣ್ಣು ತಪ್ಪಿಸಿದ, ಆಮೇಲೆ ಹೇಳಿದ. ಎಣಿಸುವವನು ಹಾರುವವನ ಹೆಗಲ ಮೇಲೆ ಕೈಯಿಡುತ್ತಾನೆ, ಮೂರು ಎಂದ ಮೇಲೆ ಹಿಂದೆ ಸರಿಯುವಂತಿಲ್ಲ. ಅದು ಅವರ ಕಟ್ಟುಪಾಡು. ಈ ಭಾನುವಾರ ಬಡಾಯಿಯ ನೆನಪಿಗೆ ಎಲ್ಲರೂ ಅಲ್ಲಿಂದಲೇ ಹಾರುತ್ತಾರಂತೆ. ಬೈದೆ, ಗೋಗರೆದೆ, ಅತ್ತೆ.

"ಹೋಗ್ದಿದ್ರೆ ಪುಕ್ಕಲ ಅಂತಾರೆ ಅಕ್ಕಾ," ಎಂದ. ಅಷ್ಟೇ ಅವನ ಚಿಂತೆ.

ಅಷ್ಟರಲ್ಲಿ ಆ ಹುಡುಗನ ಅಪ್ಪನೇ ಬಂದರು. ಫೋಟೊ ಇನ್ನೂ ಕಂಪ್ಯೂಟರಿನ ಪರದೆಯ ಮೇಲಿತ್ತು. ಕೈ ಅಳಿಸಿಲ್ಲ, ಸ್ವಲ್ಪ ಹೊತ್ತು ಬೇಕು ಎಂದೆ.

"ಇರ್ಲಿ ಬಿಡಮ್ಮ," ಎಂದರು. "ಒಬ್ಬನೇ ಇರ್ಲಿಲ್ಲ ಅಂತ ಒಂದು ಸಮಾಧಾನ."

ನನ್ನ ತಮ್ಮ ಕೈಯನ್ನು ಜೇಬಿಗೆ ಹಾಕಿದ. ಆಮೇಲೆ ತಾನೇ ಹೊರಗೆ ತೆಗೆದ.

"ಆ ಕೈ ನಂದು ಅಂಕಲ್. ಎಣಿಸಿದ್ದೂ ನಾನೇ." ಬರುವ ಭಾನುವಾರ ಎಲ್ಲರೂ ಹಾರುವ ವಿಷಯವನ್ನೂ ಹೇಳಿಬಿಟ್ಟ. ಅವರಿಗೆ ಸಮಾಧಾನವಾಗಬಹುದು ಎಂದುಕೊಂಡಿದ್ದನೋ ಏನೋ, ಪೆದ್ದ.

ಅವರು ಅವನ ಬೆರಳುಗಳನ್ನು ನೋಡಿದರು. ಕೋಪವಿರಲಿಲ್ಲ.

"ನಾನೂ ಬರ್ತೀನಪ್ಪ. ನಂಗೂ ಎಣಿಸು," ಎಂದು ಅವನ ಕೈ ಹಿಡಿದು ತಮ್ಮ ಹೆಗಲ ಮೇಲಿಟ್ಟುಕೊಂಡರು. "ಈಗ್ಲೇ ಒಂದ್ಸಲ ಎಣಿಸು, ನೋಡೋಣ."

ನನ್ನ ತಮ್ಮ ಬಾಯಿ ತೆರೆದ. ಒಂದು ಎನ್ನಲೂ ಆಗಲಿಲ್ಲ. ಚಿಕ್ಕವನಿದ್ದಾಗಿನಂತೆ ಬಿಕ್ಕಿ ಬಿಕ್ಕಿ ಅತ್ತ.

ಫೋಟೊ ತೆಗೆಸಿಕೊಳ್ಳುವವರ ಸ್ಟೂಲಿನ ಮೇಲೆ ಕೂತು ಗೆಳೆಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದ. ನಾನು ಪುಕ್ಕಲನೇ, ನೀವೂ ಹೋಗಬೇಡಿ ಎಂದ. ಕೊನೆಯ ಹುಡುಗ ಒಪ್ಪುವವರೆಗೂ ಬಡಾಯಿಯ ಅಪ್ಪ ಅಲ್ಲಿಂದ ಕದಲಲಿಲ್ಲ.